ಐದು ಕೆ.ಜಿ. ಕನ್ನಡ

ಹೈದರಾಬಾದಿನ ಮಿಯಾಪುರದಿಂದ ಮಾತಾಡ್ತಿದೀನಿ. ಭಾನುವಾರದ ಬೆಳಗ್ಗೆ ಆದ್ದರಿಂದ ಹಿಂದೆ ಕುಕ್ಕರ್ ಸೀಟಿ ಕೇಳಿಸಬಹುದು, ಸ್ವಲ್ಪ ಹೊಂದಿಸಿಕೊಳ್ಳಿ.

ಇವತ್ತು ಯಾವ ಪುಸ್ತಕದ ಪರಿಚಯವೂ ಇಲ್ಲ. ಪುಸ್ತಕ ಓದೋದಕ್ಕೂ ಮುಂಚಿನ ಮಾತು ಇದು: ಕರ್ನಾಟಕದಲ್ಲಿ ಅಚ್ಚಾದ ಪುಸ್ತಕ ಹೊರಗಿರೋ ನಮ್ಮ ಕೈಗೆ ಬರೋದು ಹೇಗೆ? ಈ ಒಂದು ವರ್ಷದಲ್ಲಿ ಆ ದಾರಿಯಲ್ಲಿ ಮೂರ್ನಾಲ್ಕು ಬದಲಾವಣೆ ಆಗಿವೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಾಗಲೇ ಇಲ್ಲ. ಗೊತ್ತಾಗದೇ ಇದ್ದದ್ದೇ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು. ಅದಕ್ಕೇ ಈ ಮಾತು.

ಒಬ್ಬ ಹಿರಿಯರಿಂದ ಶುರು ಮಾಡ್ತೀನಿ. ನಮ್ಮ ಹಿಂದಿನ ರಸ್ತೆಯಲ್ಲಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ನಾವೆಲ್ಲ ರಾಯರು ಅಂತಲೇ ಕರೆಯೋದು. ಕಲಬುರಗಿ ಕಡೆಯವರು, ರೈಲ್ವೆಯಲ್ಲಿ ದುಡಿದು ಸಿಕಂದರಾಬಾದಿನಲ್ಲಿ ನಿವೃತ್ತರಾದವರು. ಅವರಿಗೊಂದು ಪದ್ಧತಿ ಇತ್ತು. ತಿಂಗಳಿಗೆ ಒಂದು ಪುಸ್ತಕ. ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿ ಹೇಳೋದು, ದುಡ್ಡು ಕಳಿಸೋದು, ಅಂಚೆಯಲ್ಲಿ ಪುಸ್ತಕ ಬರೋದು. ಓದಿ ಮುಗಿಸಿ ಒಳಪುಟದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಡ್ತಾರೆ. ಹೋದ ವರ್ಷ ಜನವರಿಯಲ್ಲಿ ಅಂಗಡಿಯವರು, "ಸರ್, ಈಗ ಬುಕ್ ಪೋಸ್ಟ್ ಇಲ್ಲ, ಕೊರಿಯರ್‌ನಲ್ಲೇ ಕಳಿಸಬೇಕು" ಅಂದ್ರು. ರಾಯರು ನನಗೆ ಹೇಳಿದ ಮಾತು ಇದು: "ಪುಸ್ತಕಕ್ಕ ನೂರಾ ಐವತ್ತು, ಅದನ್ನ ಹೊತ್ಕೊಂಡು ಬರಾಂವಗ ನೂರಾ ಇಪ್ಪತ್ತು. ಬ್ಯಾಡ ಬಿಡ್ರಿ."

ಬ್ಯಾಡ ಬಿಡ್ರಿ ಅಂದವರು ಮುಂದೆ ಐದು ತಿಂಗಳು ಒಂದೂ ಹೊಸ ಪುಸ್ತಕ ಓದಲಿಲ್ಲ.

ಆಗಿದ್ದು ಇಷ್ಟು. ಮುದ್ರಿತ ಪುಸ್ತಕಗಳಿಗೇ ಅಂತ ಅಂಚೆ ಇಲಾಖೆಯಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಅನ್ನೋ ಸೇವೆ ಇತ್ತು. ಐದು ಕೆ.ಜಿ. ಪುಸ್ತಕಕ್ಕೆ ಸುಮಾರು 80 ರೂಪಾಯಿ. ಬೆಂಗಳೂರಿಂದ ತುಮಕೂರಿಗೆ ಕಳಿಸಿದರೂ ಅಷ್ಟೇ, ಗುವಾಹಟಿಗೆ ಕಳಿಸಿದರೂ ಅಷ್ಟೇ. ದೇಶದ ಎಲ್ಲ ಭಾಷೆಗಳ ಸಣ್ಣ ಪ್ರಕಾಶಕರು ಇದನ್ನೇ ನೆಚ್ಚಿಕೊಂಡಿದ್ದರು. ಹೊಸ ಅಂಚೆ ಕಾಯ್ದೆಯ ನಿಯಮಗಳು ಜಾರಿಗೆ ಬಂದಾಗ, 2024ರ ಡಿಸೆಂಬರ್ 18ರಿಂದ, ಆ ಸೇವೆ ನಿಂತಿತು. ಪ್ರಕಾಶಕರು, ಓದುಗರು ಬೇರೆ ಬೇರೆ ರಾಜ್ಯಗಳಲ್ಲಿ ದನಿ ಎತ್ತಿದರು. ಕೊನೆಗೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಅನ್ನೋ ಹೆಸರಲ್ಲಿ ಹೊಸ ಸೇವೆ ಬಂತು.

ಜ್ಞಾನ ಪೋಸ್ಟ್ ದರ ಬರೆದಿಟ್ಟುಕೊಳ್ಳಿ. 300 ಗ್ರಾಂವರೆಗೆ 20 ರೂಪಾಯಿ. ತೂಕ ಏರಿದ ಹಾಗೆ ಹಂತ ಹಂತವಾಗಿ ಏರಿ, ಐದು ಕೆ.ಜಿ.ಗೆ 100 ರೂಪಾಯಿ. ತೆರಿಗೆ ಬೇರೆ. ಟ್ರ್ಯಾಕಿಂಗ್ ಇದೆ. ನೆಲದ ಮೇಲಿನ ಸಾಗಣೆ, ಅಂದ್ರೆ ರೈಲು, ರಸ್ತೆ. ಹಾಗಾಗಿ ಅವಸರ ಇಲ್ಲ. ದೇಶದೊಳಗೆ ಮಾತ್ರ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ನಿಯತಕಾಲಿಕಗಳಿಗೆ ಅನ್ವಯಿಸೋದಿಲ್ಲ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಅನ್ನೋ ಮಾತು ನಿಯಮದಲ್ಲಿದೆ. ಹಾಗಾದರೆ ಒಂದು ಪತ್ತೇದಾರಿ ಕಾದಂಬರಿ ಇವುಗಳಲ್ಲಿ ಯಾವುದು? ನನ್ನ ಪ್ರಕಾರ ಸಾಂಸ್ಕೃತಿಕ. ಕೌಂಟರ್‌ನಲ್ಲಿ ಯಾರಾದರೂ ಕೇಳಿದ್ರೆ ನೀವೂ ಧೈರ್ಯವಾಗಿ ಹಾಗೇ ಹೇಳಿ.

ಇಪ್ಪತ್ತು ರೂಪಾಯಿಗೂ ನೂರಿಪ್ಪತ್ತಕ್ಕೂ ಯಾಕಿಷ್ಟು ಗಲಾಟೆ, ನಾವು ಒಂದು ಕಾಫಿಗೆ ಇನ್ನೂರೈವತ್ತು ಕೊಡೋರು ಅಂತ ನಿಮಗೆ ಅನ್ನಿಸಬಹುದು. ನಮ್ಮ ಜೇಬಿನಿಂದ ನೋಡಿದರೆ ಸರಿ. ಪ್ರಕಾಶಕರ ಕಡೆಯಿಂದ ಒಮ್ಮೆ ನೋಡಿ.

200 ರೂಪಾಯಿ ಮುಖಬೆಲೆಯ ಒಂದು ಕನ್ನಡ ಪುಸ್ತಕ ಅಂದ್ಕೊಳ್ಳಿ. ವಿತರಕರಿಗೆ ಸಾಮಾನ್ಯವಾಗಿ ಶೇಕಡಾ 40ರ ಆಸುಪಾಸು ರಿಯಾಯಿತಿ ಬಿಡಬೇಕು. ಅದರಲ್ಲೇ ಅಂಗಡಿಯವರ ಪಾಲೂ ಸೇರಿರುತ್ತೆ. ಅಲ್ಲಿಗೆ 80 ಹೋಯ್ತು. ಲೇಖಕರ ಗೌರವಧನ ಶೇಕಡಾ 10 ಅಂದ್ರೆ 20. ಉಳಿದ 100ರಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಮುಖಪುಟದ ಕಲಾವಿದರು, ಕರಡು ತಿದ್ದುವವರು, ಗೋಡೌನ್ ಬಾಡಿಗೆ. ಇದರಲ್ಲಿ 'ಫ್ರೀ ಡೆಲಿವರಿ'ಗೆ ಜಾಗ ಎಲ್ಲಿದೆ, ನೀವೇ ಹೇಳಿ. ಅಚ್ಚು ಹಾಕಿಸೋದು ಐನೂರು, ಸಾವಿರ ಪ್ರತಿ. ದೊಡ್ಡ ಸಂಖ್ಯೆಯ ಲಾಭವೂ ಇಲ್ಲ.

ಇನ್ನೊಂದು ಸುದ್ದಿ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಒಳ್ಳೇದು. ಆದರೆ ಕಾಗದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದಾಗ ಶಾಲಾ ನೋಟ್‌ಬುಕ್ಕಿನ ಕಾಗದಕ್ಕೆ ತೆರಿಗೆ ಪೂರ್ತಿ ಹೋಯ್ತು. ಪುಸ್ತಕ ಅಚ್ಚು ಹಾಕೋ ಕಾಗದದ ಮೇಲೆ 12 ಇದ್ದದ್ದು 18 ಆಯ್ತು. ಪುಸ್ತಕದ ಮೇಲೆ ತೆರಿಗೆ ಇಲ್ಲದ ಕಾರಣ ಕಾಗದಕ್ಕೆ ಕಟ್ಟಿದ ತೆರಿಗೆಯನ್ನ ಪ್ರಕಾಶಕರು ವಾಪಸ್ ಪಡೆಯೋಕೂ ಬರಲ್ಲ. ಅದು ಬೆಲೆಯಲ್ಲಿ ಬಂದು ಕೂತ್ಕೊಳ್ಳುತ್ತೆ. ಮುಂದಿನ ಮುದ್ರಣದಲ್ಲಿ ಬೆಲೆ ಏರಿದ್ದು ಕಂಡರೆ ಪ್ರಕಾಶಕರನ್ನ ಬೈಬೇಡಿ.

ಇಷ್ಟು ಕಷ್ಟದಲ್ಲಿ ಪುಸ್ತಕ ಬರ್ತಾ ಇರೋದು ಹೇಗೆ? ಕರ್ನಾಟಕದಲ್ಲಿ ಒಂದು ದೊಡ್ಡ ಆಸರೆ ಸಾರ್ವಜನಿಕ ಗ್ರಂಥಾಲಯ. 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತೆ. ಆ ದುಡ್ಡಲ್ಲಿ ಇಲಾಖೆ ಆಯ್ದ ಪುಸ್ತಕಗಳ ಕೆಲವು ನೂರು ಪ್ರತಿ ಸಗಟಾಗಿ ಕೊಳ್ಳುತ್ತೆ. ಅದು ಬಹಳ ಪ್ರಕಾಶಕರ ಉಸಿರು. ಆದರೆ ಅದರಿಂದ ಒಂದು ಅಡ್ಡ ಪರಿಣಾಮವೂ ಆಗಿದೆ ಅಂತ ನನಗನ್ನಿಸುತ್ತೆ. ಪುಸ್ತಕ ನೇರ ಗ್ರಂಥಾಲಯಕ್ಕೆ ಹೋದರೆ, ಓದುಗನ ಮನೆಗೆ ಹೋಗೋ ದಾರಿಯನ್ನ ಕಟ್ಟೋ ಅವಸರ ಯಾರಿಗೂ ಇರಲ್ಲ. ಆ ಗ್ರಂಥಾಲಯಗಳೋ ಗಡಿ ದಾಟಿ ಬರೋದಿಲ್ಲ. ಇಲ್ಲಿ ನಾವು ಗ್ರಂಥಾಲಯಕ್ಕೂ ಇಲ್ಲ, ಅಂಗಡಿಗೂ ಇಲ್ಲ.

ಹೈದರಾಬಾದು ಕನ್ನಡಕ್ಕೆ ಹೊಸ ಊರೇನೂ ಅಲ್ಲ ಅನ್ನೋದನ್ನೂ ನೆನಪಿಸಬೇಕು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಸಿದ್ದಯ್ಯ ಪುರಾಣಿಕರಂಥವರು ಓದಿದ್ದು ಇಲ್ಲಿಯ ಉಸ್ಮಾನಿಯಾದಲ್ಲಿ. ಕಾಚಿಗುಡದ ನೃಪತುಂಗ ವಿದ್ಯಾಸಂಸ್ಥೆ, ಕರ್ನಾಟಕ ಸಾಹಿತ್ಯ ಮಂದಿರ ಎಲ್ಲ ಆ ಕಾಲದ ಕನ್ನಡಿಗರು ಕಟ್ಟಿದ್ದು. ಐಟಿ ಬಂದ ಮೇಲೆ ಬಂದ ನಾವು ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರದಲ್ಲಿ ಹರಡಿಕೊಂಡ್ವಿ. ನಮಗೂ ಹಳೇ ಊರಿನ ಆ ಕನ್ನಡಕ್ಕೂ ನಡುವೆ ಮೆಟ್ರೋ ಬಂತು, ಆದರೆ ನಂಟು ಬರಲಿಲ್ಲ. ನಾನೇ ಹೈದರಾಬಾದಿಗೆ ಬಂದು ಆರು ವರ್ಷ ಆದ ಮೇಲೆ ಮೊದಲ ಸಲ ಕಾಚಿಗುಡದ ಕಡೆ ಹೋಗಿದ್ದು. ನಾಚಿಕೆಯಿಂದಲೇ ಹೇಳ್ತಿದೀನಿ.

ಈ ಊರಿನ ತೆಲುಗರನ್ನ ನೋಡಿ. ನಿಜಾಮರ ಕಾಲದಲ್ಲಿ, 1901ರಲ್ಲೇ, ಶ್ರೀಕೃಷ್ಣದೇವರಾಯರ ಹೆಸರಲ್ಲಿ ಆಂಧ್ರ ಭಾಷಾ ನಿಲಯಂ ಅನ್ನೋ ಗ್ರಂಥಾಲಯ ಕಟ್ಟಿದರು. ಸುಲ್ತಾನ್ ಬಜಾರಿನಲ್ಲಿದೆ. 1980ರಲ್ಲಿ ಹೈದರಾಬಾದ್ ಬುಕ್ ಟ್ರಸ್ಟ್ ಶುರುವಾಯ್ತು, ಕಡಿಮೆ ಬೆಲೆಗೆ ತೆಲುಗು ಪುಸ್ತಕ ಕೊಡಬೇಕು ಅಂತ. ಡಿಸೆಂಬರ್‌ನ ಪುಸ್ತಕ ಮೇಳಕ್ಕೆ ಎನ್‌ಟಿಆರ್ ಸ್ಟೇಡಿಯಮ್ಮಿಗೆ ಹೋದರೆ ಕಾಲಿಡೋಕೆ ಜಾಗ ಇರಲ್ಲ. ಯಾರೋ ತಂದುಕೊಡ್ತಾರೆ ಅಂತ ಅವರು ಕೂತಿರಲಿಲ್ಲ.

ನಮ್ಮವರೂ ಕೂತಿರಲಿಲ್ಲ ಅನ್ನಿ. ಗಳಗನಾಥರು ತಮ್ಮ ಕಾದಂಬರಿಗಳನ್ನ ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಕನ್ನಡ ಪುಸ್ತಕದ ಮೊದಲ ಡೆಲಿವರಿ ಪಾರ್ಟ್ನರ್ ಅಂತ ನಾವು ತಮಾಷೆಗೆ ಹೇಳೋದುಂಟು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡರು. ವರ್ಷದ ಹಣ ಮೊದಲೇ ಕಟ್ಟಿದರೆ ಆ ವರ್ಷದ ಪುಸ್ತಕ ಮನೆಗೆ ಬರುತ್ತೆ. ಇವತ್ತು ನಾವು ಸಬ್‌ಸ್ಕ್ರಿಪ್ಷನ್ ಮಾಡೆಲ್ ಅಂತ ಸ್ಲೈಡ್ ಹಾಕ್ತೀವಲ್ಲ, ಅದೇ. ನಮ್ಮ ಕಸುಬಿನವರೇ ಆಗಿದ್ದ ವಸುಧೇಂದ್ರ 'ಛಂದ ಪುಸ್ತಕ' ಕಟ್ಟಿ ಹೊಸ ಕತೆಗಾರರನ್ನ ಮುಂದೆ ತಂದರು. ಕನ್ನಡ ಪುಸ್ತಕ ಯಾವತ್ತೂ ಓದುಗರ ಹೆಗಲ ಮೇಲೇ ಸಾಗಿ ಬಂದಿದೆ.

ಈಗ ನಮ್ಮ ಹೆಗಲಿನ ಕತೆ. 2022ರಿಂದ ನಾವು ಕೆಲವು ಮನೆಯವರು ಸೇರಿ ಒಟ್ಟಿಗೆ ಪುಸ್ತಕ ತರಿಸ್ತಿದ್ವಿ. ಒಂದು ವಾಟ್ಸಾಪ್ ಗುಂಪು, ಒಂದು ಶೀಟ್, ತಿಂಗಳ ಮೊದಲ ವಾರ ಆರ್ಡರ್. ಇಪ್ಪತ್ತಮೂರು ಮನೆ ಇದ್ವು. ಬುಕ್ ಪೋಸ್ಟ್ ನಿಂತಾಗ, ಒಂದೆರಡು ಸಲ ಕೊರಿಯರ್‌ನಲ್ಲಿ ತರಿಸಿದ್ವಿ. ಒಂದು ಡಬ್ಬ ಮಳೆಯಲ್ಲಿ ನೆನೆದು ಬಂತು, ಯಾರೂ ಹೊಣೆ ಹೊರಲಿಲ್ಲ. ಸರಿ, ಸ್ವಲ್ಪ ದಿನ ನಿಲ್ಲಿಸೋಣ ಅಂದೆ. ಹಾಗಂದವನು ನಾನೇ.

ಐದು ತಿಂಗಳಾದ ಮೇಲೆ ಜ್ಞಾನ ಪೋಸ್ಟ್ ಬಂತು, ಮತ್ತೆ ಶುರು ಮಾಡೋಣ ಅಂತ ಗುಂಪಿನಲ್ಲಿ ಹಾಕಿದೆ. ಹನ್ನೊಂದು ಮನೆ ಮಾತ್ರ ಉತ್ತರ ಕೊಟ್ರು. ಉಳಿದ ಹನ್ನೆರಡು ಮನೆಯವರಿಗೆ ಸಿಟ್ಟಿಲ್ಲ, ಬೇಜಾರಿಲ್ಲ. ಫೋನ್ ಮಾಡಿದರೆ ಒಬ್ಬರು, "ಅಯ್ಯೋ, ಅದು ನಿಂತಿತ್ತಾ? ಗಮನಕ್ಕೇ ಬರ್ಲಿಲ್ಲ ಮಾರಾಯ" ಅಂದ್ರು.

ಈ ಮಾತು ನನ್ನ ನಿದ್ದೆ ಕೆಡಿಸಿತು. ಓದು ನಿಲ್ಲೋವಾಗ ಸದ್ದು ಮಾಡಲ್ಲ. ಕರೆಂಟ್ ಹೋದರೆ ಗೊತ್ತಾಗುತ್ತೆ, ನೀರು ನಿಂತರೆ ಗೊತ್ತಾಗುತ್ತೆ. ಮನೆಗೆ ಪುಸ್ತಕ ಬರೋದು ನಿಂತರೆ ಆ ಜಾಗಕ್ಕೆ ಫೋನ್ ಬಂದು ಕೂತಿರುತ್ತೆ, ಅಷ್ಟೇ. ಬೆಂಗಳೂರಲ್ಲಿ ಇರೋರಿಗೆ ಗಾಂಧಿ ಬಜಾರಿನಲ್ಲಿ ನಡೀತಾ ಹೋದರೆ ಅಂಗಡಿಯಾದರೂ ನೆನಪು ಮಾಡುತ್ತೆ. ನಮಗೆ ನೆನಪಿಸೋಕೆ ಬಾಗಿಲಿಗೆ ಬರೋ ಆ ಡಬ್ಬ ಒಂದೇ ಇತ್ತು.

"ಊರಿಗೆ ಹೋದಾಗ ತರ್ತೀನಿ" ಅಂತ ಬಹಳ ಜನ ಹೇಳ್ತಾರೆ. ನಾನೂ ಹೇಳಿದೀನಿ. ಊರಿಗೆ ಹೋದಾಗ ನಾವು ತರೋದು ಚಟ್ನಿಪುಡಿ, ಉಪ್ಪಿನಕಾಯಿ. ಬ್ಯಾಗ್ ತೂಕ ಜಾಸ್ತಿಯಾದ್ರೆ ಮೊದಲು ಹೊರಗೆ ಬರೋದು ಪುಸ್ತಕ. ಇ-ಪುಸ್ತಕ ಇದೆಯಲ್ಲ ಅಂತ ಇನ್ನು ಕೆಲವರು. ಖಂಡಿತ ಇದೆ. 2020ರಲ್ಲಿ ಶುರುವಾದ ಮೈಲ್ಯಾಂಗ್ ಆ್ಯಪ್‌ನಲ್ಲಿ ಓದೋ ಪುಸ್ತಕ, ಕೇಳೋ ಪುಸ್ತಕ ಎರಡೂ ಸಿಗುತ್ತವೆ. ಹೊರದೇಶದಲ್ಲಿರೋರು ಮೊದಲು ಅದನ್ನೇ ನೋಡಿ. ನಾನು ಬಳಸ್ತೀನಿ. ಆದರೆ ನನ್ನ ಫೋನಿನಲ್ಲಿರೋ ಪುಸ್ತಕ ನನ್ನ ಮಗಳಿಗೆ ಕಾಣಲ್ಲ. ಟೀಪಾಯಿ ಮೇಲಿರೋ ಪುಸ್ತಕ ಕಾಣುತ್ತೆ. ಅವಳು ಮುಖಪುಟದ ಅಕ್ಷರ ಕೂಡಿಸಿ ಓದೋಕೆ ಕಲಿತಿದ್ದೇ ಹಾಗೆ.

ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ 2025ರ ಮೇ 20ರಂದು ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಆ ವಾರ ನಮ್ಮ ಆಫೀಸಿನ ತೆಲುಗು, ತಮಿಳು ಸಹೋದ್ಯೋಗಿಗಳೆಲ್ಲ 'ಹಾರ್ಟ್ ಲ್ಯಾಂಪ್' ತರಿಸಿಕೊಂಡ್ರು. ಮರುದಿನವೇ ಮನೆಗೆ ಬಂತು. "ನೀವು ಕನ್ನಡದಲ್ಲೇ ಓದಿರ್ತೀರಲ್ವಾ?" ಅಂತ ಒಬ್ಬರು ಕೇಳಿದರು. ನಾನು ಓದಿರಲಿಲ್ಲ. ಹೌದು ಅಂತ ತಲೆ ಆಡಿಸಿಬಿಟ್ಟೆ. ಆ ತಿಂಗಳ ಡಬ್ಬದಲ್ಲಿ ಮೊದಲು ಬರೆಸಿದ್ದು ಅವರ ಪುಸ್ತಕವನ್ನೇ.

ಈಗ ಕೆಲಸದ ಮಾತು. ನಿಮ್ಮ ಊರಲ್ಲೂ, ಪುಣೆಯೋ ಚೆನ್ನೈಯೋ ಗುರುಗ್ರಾಮವೋ, ಇದನ್ನ ಮಾಡಬಹುದು. ಇನ್ನೂರು ಪುಟದ ಪುಸ್ತಕ ಸುಮಾರು 250 ಗ್ರಾಂ ತೂಗುತ್ತೆ. ಪ್ಯಾಕಿಂಗ್ ಕಳೆದರೆ ಐದು ಕೆ.ಜಿ.ಗೆ ಹದಿನೆಂಟು ಪುಸ್ತಕ. ಒಬ್ಬರೇ ಒಂದು ತರಿಸಿದರೆ ಅಂಚೆಗೆ ಇಪ್ಪತ್ತರ ಮೇಲೆ. ಹದಿನೆಂಟು ಒಟ್ಟಿಗೆ ಬಂದರೆ ತೆರಿಗೆ ಸೇರಿ ಪುಸ್ತಕಕ್ಕೆ ಆರೇಳು ರೂಪಾಯಿ. ಆರ್ಡರ್ ಕೊಡೋವಾಗ ಜ್ಞಾನ ಪೋಸ್ಟ್‌ನಲ್ಲೇ ಕಳಿಸಿ ಅಂತ ಬಾಯಿಬಿಟ್ಟು ಕೇಳಿ. ಕೆಲವರಿಗೆ ಇನ್ನೂ ಅಭ್ಯಾಸ ಆಗಿಲ್ಲ. ಪ್ಲಾಸ್ಟಿಕ್ ಕವರ್ ಹಾಕಿ ಸುತ್ತೋಕೆ ಹೇಳಿ. ದುಡ್ಡು ಮೊದಲೇ ಕಳಿಸಿ, ಸಣ್ಣ ಪ್ರಕಾಶಕರಿಗೆ ಅದೇ ದೊಡ್ಡ ಉಪಕಾರ. ಬಹಳ ಮುಖ್ಯವಾದದ್ದು: ತಿಂಗಳು ತಪ್ಪಿಸಬೇಡಿ. ಹದಿನೆಂಟು ಆಗದಿದ್ರೆ ಆರೇ ತರಿಸಿ. ದಾರಿ ಬಳಕೆಯಲ್ಲಿರಬೇಕು.

ಕೊನೆಗೆ ರಾಯರ ಸುದ್ದಿ. ಜೂನ್‌ನ ಮೊದಲ ಡಬ್ಬ ಬಂದಾಗ ಅವರ ಪುಸ್ತಕ ಕೊಡೋಕೆ ನಾನೇ ಹೋದೆ. ಅಂಚೆ ಖರ್ಚು ಎಷ್ಟು ಅಂತ ಕೇಳಿದರು. ಏಳು ರೂಪಾಯಿ ಅಂದೆ. ಒಳಗೆ ಹೋಗಿ ಒಂದು ಚೀಟಿ ತಂದರು. ಆ ಐದು ತಿಂಗಳು ಅವರು ಪತ್ರಿಕೆಯಲ್ಲಿ ವಿಮರ್ಶೆ ಓದಿ ಓದಿ ಬೇಕಾದ ಪುಸ್ತಕಗಳ ಪಟ್ಟಿ ಮಾಡಿಟ್ಟಿದ್ದರು. ಹದಿನಾಲ್ಕು ಹೆಸರು. "ಒಮ್ಮೆಲೇ ಬ್ಯಾಡ್ರಿ, ತಿಂಗಳಿಗೊಂದs ಬರ್ಲಿ" ಅಂದ್ರು.

ಆ ಪಟ್ಟಿಯಲ್ಲಿ ಈಗ ಏಳು ಬಂದಿವೆ, ಏಳು ಬರಬೇಕು. ಮುಂದಿನ ಆರ್ಡರ್ ಶನಿವಾರ. ಹೈದರಾಬಾದಿನಲ್ಲಿ ಇರೋರು ನಿಮ್ಮ ಪುಸ್ತಕದ ಹೆಸರು ಕಳಿಸಿ, ಡಬ್ಬದಲ್ಲಿ ಇನ್ನೂ ಜಾಗ ಇದೆ.