ದಂತವೈದ್ಯೆಯಾಗಲು ತಡವಾಯಿತೇ?



ಮೊದಲು ನಮ್ಮ ತಪ್ಪು ಒಪ್ಪಿಕೊಳ್ತೇವೆ. ಸ್ವಸಹಾಯ ಸಂಘದ ಸದಸ್ಯೆಯೊಬ್ಬರ ಮಗಳು ಬಿ.ಕಾಂ. ಮುಗಿಸಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಳು. ದಂತವೈದ್ಯೆಯಾಗುವ ಆಸೆ ಹೇಳಿಕೊಂಡು ಬಂದಾಗ, “ಕಾಮರ್ಸ್ ಓದಿದವರಿಗೆ ಆಗೋದಿಲ್ಲಮ್ಮ, ವಯಸ್ಸೂ ಮೀರಿತು” ಅಂತ ಕಳಿಸಿಬಿಟ್ಟೆವು. ವಿಚಾರಿಸದೆ ಆಡಿದ ಮಾತು. ಅವಳ ಒಂದು ವರ್ಷ ಹೋಯಿತು.

ನೀಟ್ ಪರೀಕ್ಷೆಯ ಗರಿಷ್ಠ ವಯೋಮಿತಿಯನ್ನು 2022ರಲ್ಲೇ ತೆಗೆದುಹಾಕಿದ್ದಾರೆ. ಪಿಯುಸಿ ಮುಗಿದ ಮೇಲೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಹೆಚ್ಚುವರಿ ವಿಷಯಗಳಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ತಿಳಿಸಿತು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಈ ಮೂರೂ ವಿಷಯಗಳಿವೆ. ಪ್ರಾಯೋಗಿಕ ಪರೀಕ್ಷೆ ಮಾತ್ರ ತಪ್ಪಿಸುವಂತಿಲ್ಲ.

ಸುಲಭ ಅಂತ ನಾವು ಹೇಳ್ತಿಲ್ಲ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ. ಅದನ್ನೇ ಓದದವರು ಮೊದಲಿಂದ ಕಲಿಯಬೇಕು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅದೊಂದು ಸಮಾಧಾನ. ಸೀಟು ಸಿಕ್ಕರೆ ಬಿಡಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5 ವರ್ಷ. ಮನೆಗೆ ಬರುತ್ತಿದ್ದ ಸಂಬಳ ನಿಲ್ಲುತ್ತದೆ. ಇದನ್ನು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ.

ನಾವು ಆ ಹುಡುಗಿಯ ಮನೆಗೇ ಹೋಗಿ ವಿಷಯ ತಿಳಿಸಿದೆವು. ಈಗ ಬೆಳಗ್ಗೆ 5ಕ್ಕೆ ಎದ್ದು ಓದುತ್ತಾಳೆ, ಆಮೇಲೆ ಕೆಲಸಕ್ಕೆ ಹೋಗ್ತಾಳೆ. ಪರೀಕ್ಷಾ ಶುಲ್ಕಕ್ಕೆ ತಾಯಿಯ ಸಂಘವೇ ಸಾಲ ಕೊಟ್ಟಿದೆ.