ಎರಡು ರಾತ್ರಿಯ ನೆಂಟರು



ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ಗೆ ಹೋದವರು ಕಡಲಂಚಿನ ಬಂಡೆಯ ಮೇಲೆ ಕೂತ ಮತ್ಸ್ಯಕನ್ಯೆಯನ್ನು ನೋಡಿ, ಫೋಟೊ ತೆಗೆದು ಹೋಟೆಲಿಗೆ ಮರಳುತ್ತಾರೆ. ಆದರೆ ಆ ಊರು ಅರ್ಥವಾಗುವುದು ಅಲ್ಲಿನವರ ಮನೆಯಲ್ಲಿ ಉಳಿದಾಗ. ನಮ್ಮಂತೆ ಅವರೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಾರೆ. ಸಂಜೆ ಆರರ ಸುಮಾರಿಗೇ ರಾತ್ರಿಯೂಟ, ಮೇಜಿನ ಮೇಲೆ ಮೇಣದಬತ್ತಿಯ ಬೆಳಕು. ಬಂದವರನ್ನು ಕೂರಿಸಿ ಬಡಿಸುವ ಪದ್ಧತಿಯಿಲ್ಲ, ಬಟ್ಟಲು ಕೈಯಿಂದ ಕೈಗೆ ಸಾಗುತ್ತದೆ. ಊಟವಾದ ಮೇಲೆ ಅಡುಗೆ ಮಾಡಿದವರಿಗೆ ಕೃತಜ್ಞತೆ ಹೇಳಿ, ತಟ್ಟೆ ಎತ್ತಲು ನೀವೂ ಕೈ ಜೋಡಿಸಬೇಕು. ನೆಂಟರಿಗೆ ತಟ್ಟೆ ಮುಟ್ಟಲೂ ಬಿಡದ ನಮಗೆ ಇದು ಒಣ ಉಪಚಾರವೆನಿಸೀತು. ಆದರೆ ಕೆಲಸದಲ್ಲಿ ಪಾಲು ಕೊಟ್ಟರೆಂದರೆ ಮನೆಯವರೆಂದೇ ಎಣಿಸಿದರು. ನನ್ನ ಮಟ್ಟಿಗೆ ಅದು ದೊಡ್ಡ ಮರ್ಯಾದೆ.

ಹೀಗೆ ಮನೆಯಲ್ಲಿ ಉಳಿಸಿಕೊಳ್ಳುವುದನ್ನೇ ಶಾಂತಿಯ ಕೆಲಸವೆಂದು ನಂಬಿದವರು ಆ ದೇಶದಲ್ಲಿ ಕಲೆತಿದ್ದರು. ಮಹಾಯುದ್ಧದ ಗಾಯ ಇನ್ನೂ ಹಸಿಯಾಗಿದ್ದ 1949ರಲ್ಲಿ, ಬಂದೂಕು ಹಿಡಿಯಲೊಪ್ಪದ ಅಮೆರಿಕದ ಬಾಬ್ ಲೂಟ್‌ವೈಲರ್ ಮತ್ತು ಗೆಳೆಯರು ಆಸ್ಕೋವ್‌ ಎಂಬಲ್ಲಿನ, ವಯಸ್ಕರು ಕಲಿಯುವ ಜನತಾ ಶಾಲೆಯಲ್ಲಿ ಒಂದು ಬಳಗ ಕಟ್ಟಿದರು. ಅದೇ ಇಂದಿನ ಸರ್ವಾಸ್. ಪರಿಚಯಪತ್ರ ಹಿಡಿದು ಬಂದ ಪ್ರವಾಸಿಗೆ ಸಾಮಾನ್ಯವಾಗಿ ಎರಡು ರಾತ್ರಿ ಜಾಗ, ಹಣದ ಮಾತೇ ಇಲ್ಲ.

ಕಷ್ಟದಲ್ಲಿದ್ದವರಿಗೆ ಬಾಗಿಲು ತೆರೆಯುವುದು ಕೋಪನ್‌ಹೇಗನ್‌ಗೆ ಅದಕ್ಕೂ ಮೊದಲೇ ಗೊತ್ತಿತ್ತು. 1943ರ ಅಕ್ಟೋಬರ್‌ನಲ್ಲಿ ನಾಜಿಗಳು ಯಹೂದಿಗಳನ್ನು ಹಿಡಿದೊಯ್ಯಲು ಹೊರಟಾಗ, ಊರಿನ ಸಾಮಾನ್ಯ ಜನ ಅವರನ್ನು ಮನೆಗಳಲ್ಲಿ, ಚರ್ಚುಗಳಲ್ಲಿ ಬಚ್ಚಿಟ್ಟರು. ಬಿಸ್ಪೆಬ್ಯೆರ್ ಆಸ್ಪತ್ರೆಯ ದಾದಿಯರು ತಮ್ಮ ವಸತಿಗೃಹಗಳನ್ನೇ ಬಿಟ್ಟುಕೊಟ್ಟರು. ಮೀನುಗಾರರ ದೋಣಿಗಳಲ್ಲಿ 7,000ಕ್ಕೂ ಹೆಚ್ಚು ಮಂದಿ ಓರೆಸುಂಡ್ ಜಲಸಂಧಿ ದಾಟಿ ಸ್ವೀಡನ್ ಸೇರಿದರು. ಕೆಲವು ದೋಣಿಯವರು ಭಾರಿ ಹಣ ಕೇಳಿದ್ದೂ ನಿಜ. ಇಲ್ಲದವರ ಪಾಲಿನ ಹಣ ಹೊಂದಿಸಲು ಊರಿನವರೇ ಚಂದಾ ಎತ್ತಿದರು. 1945ರಲ್ಲಿ ಯುದ್ಧ ಮುಗಿದು ಆ ಯಹೂದಿಗಳು ಮರಳಿ ಬಂದಾಗ, ಎಷ್ಟೋ ಜನರ ಮನೆಗಳನ್ನು ನೆರೆಯವರೂ ನಗರಸಭೆಯೂ ಜೋಪಾನ ಮಾಡಿದ್ದರು. ಯುರೋಪಿನ ಬೇರೆ ಹಲವೆಡೆ ಮರಳಿದವರಿಗೆ ತಮ್ಮ ಮನೆಯಲ್ಲಿ ಕಂಡದ್ದು ಬೇರೆಯವರ ಸಂಸಾರ.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೊರಟಿದ್ದರೆ, ಒಂದೆರಡು ರಾತ್ರಿಯಾದರೂ ಮನೆಯೊಂದರಲ್ಲಿ ಇರಲು ನೋಡಿ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಲು ಕರೆದರೆ ಸಂಕೋಚಪಡಬೇಡಿ. ಹೆಚ್ಚುತ್ತಾ ಆ ಅಕ್ಟೋಬರ್ ತಿಂಗಳ ಬಗ್ಗೆ ಕೇಳಿ. ಅವರ ಅಜ್ಜಿಯ ಮನೆಯ ಅಟ್ಟದಲ್ಲೂ ಯಾರೋ ಅಡಗಿದ್ದಿರಬಹುದು.