ಒಲೆಯ ಮುಂದಿನ ತಪಸ್ಸು

(ವಿಜಯವಾಡದಲ್ಲಿ ಕನ್ನಡ ಹೋಟೆಲ್ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಈ ಊರಿನ ನೆತ್ತಿಯ ಮೇಲಿರುವ ಇಂದ್ರಕೀಲಾದ್ರಿ ನಮಗೆ ಹೊಸ ಹೆಸರಲ್ಲ. ಕನಕದುರ್ಗೆಯ ದರ್ಶನಕ್ಕೆ ಬೆಟ್ಟ ಹತ್ತುವ ಎಷ್ಟೋ ಮೊದಲೇ ಊರ ಗದ್ದೆಯಲ್ಲಿ ಕುಳಿತು ಕಿರಾತಾರ್ಜುನರ ಆಟ ನೋಡಿದವರು ನಾವು. ಅರ್ಜುನ ತಪಸ್ಸು ಮಾಡಿದ ಬೆಟ್ಟ ಇದೇ ಎಂದು ಇಲ್ಲಿಯವರ ನಂಬಿಕೆ. ಅವನಿಗೆ ಪಾಶುಪತವಾದರೂ ಸಿಕ್ಕಿತು. ನಮ್ಮ ಅಡುಗೆ ಭಟ್ಟರು ಎದುರಿಗೆ ದೋಸೆ ಕಾವಲಿ, ಬಲಕ್ಕೆ ಬಾಣಲೆ, ಎಡಕ್ಕೆ ಇಡ್ಲಿಯ ಹಬೆ, ಬೆನ್ನಿಗೆ ಅನ್ನದ ಒಲೆ, ತಲೆಯ ಮೇಲೆ ಕಾದ ತಗಡಿನ ಮಾಡು ಇಟ್ಟುಕೊಂಡು ದಿನಕ್ಕೆ ಹತ್ತು ಹನ್ನೆರಡು ತಾಸು ಪಂಚಾಗ್ನಿಯ ನಡುವೆ ನಿಲ್ಲುತ್ತಾರೆ. ಅವರಿಗೆ ಸಿಗುವ ವರವೆಂದರೆ ಬೆವರುಸಾಲೆ, ತಲೆಸುತ್ತು, ಉರಿಮೂತ್ರ.

ಬೆಜವಾಡ ಎಂಬ ಹಳೆಯ ಹೆಸರನ್ನು ತಿರುಚಿ ‘ಬ್ಲೇಜ್‌ವಾಡ’, ಅಂದರೆ ಉರಿಯುವ ಊರು, ಎಂದು ಜನ ತಮಾಷೆ ಮಾಡುತ್ತಾರೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರ, ತೆಲಂಗಾಣಗಳಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಬಿಸಿಲಿಗೆ ಹೋಗಬೇಡಿ, ನೆರಳಿನಲ್ಲಿರಿ ಎಂದು ಸರ್ಕಾರ ಸಾರಿತು. ಸರಿಯಾದ ಮಾತೇ. ಆದರೆ ನೆರಳಿನೊಳಗೇ ಬೆಂಕಿ ಇಟ್ಟುಕೊಂಡು ದುಡಿಯುವವನು ಎಲ್ಲಿಗೆ ಹೋಗಬೇಕು?

ನಮ್ಮ ಮೈಯ ಕಾವು 37 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹೆಚ್ಚಾದುದನ್ನು ಇಳಿಸಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. ಅದೂ ಸುರಿದರೆ ಸಾಲದು, ಒಣಗಬೇಕು. ಒಣಗುವಾಗಲೇ ಅದು ಮೈಯ ಕಾವನ್ನು ಒಯ್ಯುತ್ತದೆ. ವಿಶಾಖಪಟ್ಟಣದಲ್ಲಿರುವ ನಮ್ಮವರಿಗೆ ಇದು ಗೊತ್ತು. ಅಲ್ಲಿ ಬಿಸಿಲು ಇಲ್ಲಿಗಿಂತ ಕಡಿಮೆ, ಆದರೆ ಕಡಲ ತೇವದಲ್ಲಿ ಬೆವರು ಒಣಗದೆ ಹರಿದುಹೋಗುತ್ತದೆ. ಮುಂಬಯಿಯದೂ ಅದೇ ಪಾಡು. ಇಡ್ಲಿಯ ಹಬೆ ತುಂಬಿದ ಅಡುಗೆಮನೆಯಂತೂ ಎಲ್ಲ ಊರಿನಲ್ಲೂ ಒಂದೇ.

ಗಿರಣಿಯ ಅಣ್ಣಂದಿರು ಇದನ್ನು ಬಲ್ಲರು. ದಾರ ಒಣಗಿ ಕಡಿಯಬಾರದೆಂದು ಖಾತೆಯ ಗಾಳಿಗೆ ಬೇಕೆಂದೇ ತೇವ ಬಿಡುತ್ತಿದ್ದರು. ದಾರಕ್ಕೆ ಹಿತವಾದದ್ದು ಮನುಷ್ಯನಿಗೆ ಹಿಂಸೆಯಾಯಿತು. ಆದರೂ ಅವರ ಬೆನ್ನಿಗೆ 1948ರ ಕಾರ್ಖಾನೆ ಕಾಯಿದೆ ಇತ್ತು. ತೇವಕ್ಕೆ ಮಿತಿ ಹಾಕಲು ಅದರಲ್ಲಿ ಅವಕಾಶವಿತ್ತು. 250ಕ್ಕಿಂತ ಹೆಚ್ಚು ಜನರಿದ್ದಲ್ಲಿ ಬೇಸಿಗೆಯಲ್ಲಿ ತಂಪು ನೀರು ಕೊಡತಕ್ಕದ್ದೆಂದು ಅದು ಹೇಳಿತ್ತು. ಹೋಟೆಲಿನವನಿಗೆ? 1976ರ ತಿದ್ದುಪಡಿಯಲ್ಲಿ ಹೋಟೆಲು, ಉಪಾಹಾರಗೃಹಗಳು ಕಾರ್ಖಾನೆಗಳಲ್ಲವೆಂದೇ ಬರೆದರು. ಬೆಂಕಿ ಗಿರಣಿಗಿಂತ ಹತ್ತಿರ, ಕಾಯಿದೆ ಮಾತ್ರ ದೂರ! ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದೆ. ಹತ್ತು ಮಂದಿ ದುಡಿಯುವ ಹೋಟೆಲೂ ಅದರೊಳಗೆ ಬರುತ್ತದೆ. ಕಾಗದ ಅಡುಗೆಮನೆಯ ಹೊಸ್ತಿಲು ದಾಟುವಂತೆ ಮಾಡುವುದು ನಮ್ಮ ಕೆಲಸ.

ಎಲ್ಲಕ್ಕಿಂತ ಮೊದಲು ಹೊಸ ಹುಡುಗನ ಮಾತು. ಊರಿನಿಂದ ರೈಲಿಳಿದವನನ್ನು ಮರುದಿನವೇ ನಸುಕಿಗೆ ಎಬ್ಬಿಸಿ ಬಾಣಲೆಯ ಮುಂದೆ ನಿಲ್ಲಿಸುತ್ತೇವೆ. ಮೂರನೆಯ ದಿನ ಅವನು ತಲೆ ತಿರುಗಿ ಕುಳಿತರೆ ‘ಮೈಗಳ್ಳ’ ಎಂದು ನಗುತ್ತೇವೆ. ಅವನು ಮೈಗಳ್ಳನಲ್ಲ. ಶಾಖಕ್ಕೆ ದೇಹ ಒಗ್ಗಲು ಒಂದೆರಡು ವಾರ ಬೇಕು. ಆಮೇಲೆಯೇ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಹೊಸಬನಿಗೆ ಮೊದಲ ದಿನ ಐದರಲ್ಲೊಂದು ಪಾಲು ಹೊತ್ತು ಮಾತ್ರ ಶಾಖದಲ್ಲಿ ಕೆಲಸ, ಮುಂದೆ ದಿನಕ್ಕೊಂದು ಪಾಲು ಹೆಚ್ಚು ಎಂಬುದು ಬಲ್ಲವರು ಹಾಕಿದ ಲೆಕ್ಕ. ರಜೆಗೆ ಊರಿಗೆ ಹೋಗಿ ತಿಂಗಳು ಕಳೆದು ಬಂದ ಹಳಬನೂ ಒಲೆಗೆ ಸ್ವಲ್ಪ ಹೊಸಬನೇ. ಮೊದಲ ವಾರ ತರಕಾರಿ ಹೆಚ್ಚುವುದು, ಹಿಟ್ಟು ರುಬ್ಬುವುದು, ಉಗ್ರಾಣದ ಕೆಲಸ ಕೊಟ್ಟರೆ ಯಜಮಾನರಿಗೆ ಏನೂ ನಷ್ಟವಿಲ್ಲ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಹಿರಿಯ ಭಟ್ಟರು ಮನಸ್ಸು ಮಾಡಿದರಾಯಿತು.

ಇನ್ನು ನೀರು. ಊರಿಗೆಲ್ಲ ನೀರು ಕೊಡುವ ಸಪ್ಲೈಯರನೇ ಕುಡಿಯದೆ ಇರುತ್ತಾನೆ. ಏಕೆ? ಕುಡಿದರೆ ಎದ್ದು ಹೋಗಬೇಕು. ಹೋಗಲು ಬಿಡುವಿಲ್ಲ; ಬಿಡುವಿದ್ದರೂ ಅನೇಕ ಕಡೆ ಜಾಗವಿಲ್ಲ, ಇದ್ದ ಜಾಗ ಗಿರಾಕಿಗಳಿಗೆ ಮೀಸಲು. ಪಾತ್ರೆ ತೊಳೆಯುವ ಅಕ್ಕಂದಿರ ಸ್ಥಿತಿಯನ್ನು ನೀವೇ ಊಹಿಸಿ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಕಟ್ಟಿಕೊಂಡರೆ ಮೂತ್ರ ಮಂದವಾಗಿ ಉರಿ ಬರುತ್ತದೆ, ಕಲ್ಲು ಕಟ್ಟುತ್ತದೆ, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಆದುದರಿಂದ ನೀರಿನ ಬೇಡಿಕೆ, ಪಾಯಖಾನೆಯ ಬೇಡಿಕೆ ಎರಡಲ್ಲ, ಒಂದೇ. ಒಲೆಯ ಮುಂದಿರುವವನು ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಬಾಯಾರುವ ತನಕ ಕಾಯಬಾರದು. ಜೊತೆಗೆ ಉಪ್ಪು ಹಾಕಿದ ನೀರುಮಜ್ಜಿಗೆ. ಗಿರಾಕಿಗೆ ಲೋಟಕ್ಕಿಷ್ಟೆಂದು ಮಾರುವ ಮಜ್ಜಿಗೆಯಲ್ಲಿ ಎರಡು ಲೋಟ ಒಳಗಿನವನಿಗೂ ಇರಲಿ. ಚಹ ಕುಡಿದೆವಲ್ಲ ಎನ್ನಬೇಡಿ. ಸುರಿದುಹೋದ ಬೆವರನ್ನು ಅರ್ಧ ಗ್ಲಾಸು ಚಹ ತುಂಬಿಕೊಡದು.

ಫ್ಯಾನಿನ ವಿಷಯ ಒಂದು ಮಾತು. ಒಲೆಯ ಪಕ್ಕ ಮೇಜಿನ ಫ್ಯಾನು ಇಟ್ಟರೆ ಅದು ಕಾದ ಗಾಳಿಯನ್ನೇ ಮತ್ತೆ ಮೈಮೇಲೆ ಎಸೆಯುತ್ತದೆ. ಬೇಕಾದುದು ಹಬೆ, ಹೊಗೆ, ಕಾವುಗಳನ್ನು ಹೊರಕ್ಕೆಳೆಯುವ ಫ್ಯಾನು, ಎದುರು ಗೋಡೆಯಲ್ಲಿ ಹೊಸ ಗಾಳಿಗೆ ಕಿಂಡಿ.

ಯಾರಾದರೂ ಮಾತು ತೊದಲಿ, ದಿಕ್ಕು ತಪ್ಪಿದವರಂತೆ ವರ್ತಿಸಿ, ಮೈ ಕೆಂಡವಾಗಿ ಕುಸಿದರೆ ಪಿತ್ತವೆಂದು ನಿಂಬೆಹಣ್ಣು ಹುಡುಕುತ್ತಾ ಕೂರಬೇಡಿ. ಮೈಯೊಳಗಿನ ಕಾವು 40 ಡಿಗ್ರಿ ದಾಟಿರಬಹುದು, ಪ್ರಾಣಕ್ಕೆ ಅಪಾಯ. ಒಬ್ಬರು 108ಕ್ಕೆ ಫೋನು ಮಾಡಿ; ಉಳಿದವರು ಗಾಳಿಯ ಜಾಗಕ್ಕೆ ಎಳೆದು, ಅಂಗಿ ಬಿಚ್ಚಿ, ತಣ್ಣೀರು ಸುರಿಯುತ್ತಾ ಬೀಸುತ್ತಿರಿ. ಗಾಡಿ ಬರುವವರೆಗೆ ನಿಲ್ಲಿಸಬೇಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬಾರದು.

ಇ.ಎಸ್.ಐ. ಬಗ್ಗೆ ಹಿಂದೆಯೂ ಹೇಳಿದ್ದೇವೆ. 2019ರ ಜುಲೈಯಲ್ಲಿ ಕೆಲಸಗಾರನ ಪಾಲನ್ನು ಸಂಬಳದ ನೂರು ರೂಪಾಯಿಗೆ 75 ಪೈಸೆಗೆ ಇಳಿಸಿದರು. ನಿಮ್ಮ ಹೆಸರು ಅದರಲ್ಲಿದೆಯೇ ಎಂದು ಗಲ್ಲಾದಲ್ಲಿ ಕೇಳಿ, ನಂಬರು ಬರೆದಿಟ್ಟುಕೊಳ್ಳಿ.

ಯಜಮಾನರಲ್ಲಿ ಬಹಳ ಮಂದಿ ನಮ್ಮ ಊರಿನವರೇ, ಒಂದು ಕಾಲಕ್ಕೆ ಲೋಟ ತೊಳೆದೇ ಮೇಲೆ ಬಂದವರು. ಆದುದರಿಂದ ಕೇಳಲು ಸಂಕೋಚ. ಒಬ್ಬನೇ ಹೋದರೆ ‘ನಾವೂ ಹೀಗೇ ದುಡಿದೆವು’ ಎಂಬ ಉತ್ತರ. ಯುಗಾದಿಗೆ ಮೊದಲೇ, ಬಿಸಿಲು ಏರುವ ಮುನ್ನ, ಭಟ್ಟರು, ಸಪ್ಲೈಯರು, ಕ್ಲೀನರು ಎಲ್ಲರೂ ಒಟ್ಟಾಗಿ ಹೋಗಿ. ಒಲೆಯಿಂದ ಹತ್ತು ಹೆಜ್ಜೆಯೊಳಗೆ ಕುಡಿಯುವ ನೀರಿನ ಮಡಕೆ, ತಾಸಿಗೊಮ್ಮೆ ಹತ್ತು ನಿಮಿಷ ಹೊರಗಿನ ಗಾಳಿ, ಪಾಯಖಾನೆಯ ಬೀಗದ ಕೈ, ಹೊಸಬನಿಗೆ ಒಂದು ವಾರ. ಮೊದಲು ಇಷ್ಟನ್ನೇ ಕೇಳಿ. ಕಿಂಡಿ ಒಡೆಯುವ ಖರ್ಚಿನ ಮಾತನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳೋಣ.